ರೋಸ್‌ಮೆರಿ ಎಣ್ಣೆ: ಡಿಫ್ಯೂಸರ್‌ಗೆ ಎಷ್ಟು ಹನಿ?

ಪ್ರಶ್ನೆ: ಸಂಜೆ ಓದಲು ಕೂರುವಾಗ ಡಿಫ್ಯೂಸರ್‌ಗೆ (ನೀರಿನ ಜೊತೆ ಎಣ್ಣೆಯ ಪರಿಮಳ ಹರಡುವ ಸಾಧನ) ರೋಸ್‌ಮೆರಿ ಎಣ್ಣೆ ಹಾಕುತ್ತೇನೆ. ಆ ಕರ್ಪೂರದಂಥ ಘಾಟು ಮೂಗಿಗೆ ಬಡಿದರೆ ತೂಕಡಿಕೆ ಮಾಯ. ಆದರೆ ಸ್ವಲ್ಪ ಹೊತ್ತಿಗೆ ಹಣೆಯೆಲ್ಲ ಭಾರ. ಹನಿ ಜಾಸ್ತಿ ಆಯ್ತಾ? ಮನೆಯಲ್ಲಿ ಎರಡು ವರ್ಷದ ಮಗಳೂ ಇದ್ದಾಳೆ.

ಉತ್ತರ 1: 100 ಮಿ.ಲೀ. ನೀರಿಗೆ 3 ಹನಿ ಸಾಕು. ಕಿಟಕಿ ತೆರೆದಿಡಿ, ಅರ್ಧ ಗಂಟೆಯೊಳಗೆ ಆಫ್ ಮಾಡಿ.

ಉತ್ತರ 2: ಮಗು ಇರುವ ಕೋಣೆಯಲ್ಲಂತೂ ದಯವಿಟ್ಟು ಬೇಡ. ಇದರಲ್ಲಿ ಸಿನಿಯೋಲ್ (ನೀಲಗಿರಿ ಎಣ್ಣೆಯಲ್ಲೂ ಇರುವ ಘಾಟಿನ ಅಂಶ), ಕರ್ಪೂರದ ಅಂಶ ಎರಡೂ ಇರುತ್ತವೆ. ಪುಟ್ಟ ಮಕ್ಕಳ ಉಸಿರಾಟಕ್ಕೆ ತೊಂದರೆ ಆಗಬಹುದು. ಮೂರ್ಛೆರೋಗ ಇರುವವರೂ ದೂರವಿರಬೇಕು. ಬಾಟಲಿ ಮಗುವಿನ ಕೈಗೆ ಸಿಗದ ಹಾಗಿಡಿ, ಕುಡಿದರೆ ಅಪಾಯ.

ಪ್ರಶ್ನೆ ಕೇಳಿದವರು: ಇವತ್ತೇ ಎತ್ತಿಡುತ್ತೇನೆ. ಹಣೆಗೆ ಹಚ್ಚಬಹುದಾ?

ಉತ್ತರ 2: ನೇರವಾಗಿ ಬೇಡ, ಚರ್ಮ ಉರಿಯುತ್ತದೆ. ತಲೆ ಭಾರವಾದಾಗ ಸುಮ್ನೆ ಹೊರಗಿನ ಗಾಳಿಗೆ ಹೋಗಿ.