ಮಳೆಗಾಲದಲ್ಲಿ ಹಳ್ಳದ ಕರೆಂಟು: ಲೆಕ್ಕ ಹೇಗೆ?

ಪ್ರಶ್ನೆ (ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು): ಸರ್, ಮನೆ ಮೇಲೆ 3 ಕಿಲೋವ್ಯಾಟ್ ಆನ್‌ಗ್ರಿಡ್ (ಕರೆಂಟ್ ಲೈನಿಗೇ ಜೋಡಿಸಿದ) ಸೋಲಾರ್ ಇದೆ. ಬೇಸಿಗೆಯಲ್ಲಿ ತಕರಾರಿಲ್ಲ. ಜೂನಲ್ಲಿ ಮಳೆ ಹಿಡಿದರೆ ಪ್ಯಾನೆಲ್ ಇದ್ದೂ ಇಲ್ಲದ ಹಾಗೆ. ಲೈನಿನ ಮೇಲೆ ಮರ ಬಿದ್ದರೆ ಸೋಲಾರೂ ಬಂದ್. ತೋಟದ ಮೇಲಿಂದ ಹಳ್ಳ ಇಳಿಯುತ್ತೆ, ಡಿಸೆಂಬರ್‌ವರೆಗೂ ನೀರಿರುತ್ತೆ. ಅದರಲ್ಲಿ ಮನೆಗಾಗುವಷ್ಟು ಕರೆಂಟ್ ತೆಗೆಯಬಹುದಾ?

ಉತ್ತರ (ಕಿರು ಜಲವಿದ್ಯುತ್ ಇಂಜಿನಿಯರ್, ಹಾಸನ): ಲೈನ್ ಹೋದಾಗ ನಿಮ್ಮ ಇನ್ವರ್ಟರ್ ನಿಲ್ಲುವುದು ಕೆಟ್ಟು ಅಲ್ಲ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಅಂತಲೇ ಅದನ್ನು ಹಾಗೆ ಮಾಡಿರುತ್ತಾರೆ.

ಹಳ್ಳದ ವಿಷಯಕ್ಕೆ ಎರಡು ಅಳತೆ ಬೇಕು. ಅಡ್ಡಕ್ಕೆ ಕಲ್ಲು, ಮಣ್ಣು ಇಟ್ಟು ನೀರೆಲ್ಲ ಒಂದು ತುಂಡು ಪೈಪಿನಿಂದ ಬೀಳುವ ಹಾಗೆ ಮಾಡಿ, 20 ಲೀಟರ್ ಬಕೆಟ್ ಹಿಡಿಯಿರಿ. 4 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ಜುಲೈಯಲ್ಲಿ ಅಳೆದು ಮೆಷಿನ್ ತಂದವರು ದೀಪಾವಳಿ ಕಳೆದ ಮೇಲೆ ಪೇಚಾಡುತ್ತಾರೆ. ನವೆಂಬರ್ ಕೊನೆಗೆ ಅಳೆಯಿರಿ. ಇಳಿಜಾರಿನ ಎತ್ತರಕ್ಕೆ ಗಾರೆಯವರ ಲೆವೆಲ್ ಪೈಪ್ (ನೀರು ತುಂಬಿದ ಪಾರದರ್ಶಕ ಪೈಪು) ಸಾಕು, ಮೆಟ್ಟಿಲು ಮೆಟ್ಟಿಲಾಗಿ ಅಳೆದು ಕೂಡಿಸಿ. ನೆಲದ ಮೇಲಿನ ದೂರ ಲೆಕ್ಕಕ್ಕಿಲ್ಲ, ನೇರ ಎತ್ತರ ಮಾತ್ರ.

ಲೀಟರ್ ಅನ್ನು ಮೀಟರ್‌ನಿಂದ, ಅದನ್ನು 9.81ರಿಂದ ಗುಣಿಸಿ. 5 ಲೀಟರ್, 25 ಮೀಟರ್ ಇದ್ದರೆ 1,226 ವ್ಯಾಟ್. ಪೈಪು, ಟರ್ಬೈನು, ಜನರೇಟರು ತಿಂದು ಕೈಗೆ ಬರುವುದು ಅರ್ಧ, ಸುಮಾರು 600 ವ್ಯಾಟ್. ಇಷ್ಟೇನಾ ಅನಿಸಬಹುದು. ಆದರೆ ಅದು ಹಗಲೂ ರಾತ್ರಿ ಬರುವ ಕರೆಂಟು, ದಿನಕ್ಕೆ 14 ಯೂನಿಟ್. ನಿಮ್ಮ 3 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಲ್ಲಿ ಕೊಡುವುದೇ 12 ಯೂನಿಟ್ ಆಸುಪಾಸು. ಹಾಗಂತ 600 ವ್ಯಾಟಿನಲ್ಲಿ ಮಿಕ್ಸಿ, ಗೀಸರ್ ಓಡಲ್ಲ. ಅದು ಬೇಕಿದ್ದರೆ ನಡುವೆ ಬ್ಯಾಟರಿ, ಇನ್ವರ್ಟರ್ ಇರಲೇಬೇಕು.

ಪ್ರಶ್ನೆ (ಅವರೇ): ಸ್ಪ್ರಿಂಕ್ಲರ್‌ಗೆ ತಂದ 63 ಎಂಎಂ ಪೈಪ್ ಬಿದ್ದಿದೆ, 150 ಮೀಟರ್. ಅದೇ ಹಾಕಲಾ?

ಉತ್ತರ: ಬೇಡ. ಸೆಕೆಂಡಿಗೆ 5 ಲೀಟರ್ ಆ ಪೈಪಲ್ಲಿ ಹೋದರೆ ಉಜ್ಜುವಿಕೆಗೇ 8-9 ಮೀಟರ್ ಎತ್ತರ ಹೋಗುತ್ತೆ, 25ರಲ್ಲಿ ಮೂರನೇ ಒಂದು ಪಾಲು. 110 ಎಂಎಂ ಹಾಕಿದರೆ ಹೋಗುವುದು ಮುಕ್ಕಾಲು ಮೀಟರಿನೊಳಗೆ. ಈ ಕೆಲಸದಲ್ಲಿ ದುಡ್ಡು ಉಳಿಸಲು ಅತಿ ಕೆಟ್ಟ ಜಾಗ ಪೈಪು. ಪಿವಿಸಿ ಆದರೆ ಮಣ್ಣಲ್ಲಿ ಹೂತಿಡಿ; ಬಿಸಿಲಿಗೆ ಬಿಟ್ಟರೆ ಪೆಡಸಾಗಿ ಒಡೆಯುತ್ತೆ.

ನಾಝಲ್, ಅಂದರೆ ಪೈಪಿನ ತುದಿಯ ಸಣ್ಣ ಮೂತಿ, 17 ಎಂಎಂ ಆಸುಪಾಸು ಬರುತ್ತೆ. ಟರ್ಬೈನಿಗೆ ಪೆಲ್ಟನ್ ಅಥವಾ ಟರ್ಗೋ ಚಕ್ರ ನಡೆಯುತ್ತೆ; ಎರಡೂ ನಾಝಲ್‌ನಿಂದ ಚಿಮ್ಮುವ ನೀರು ಬಟ್ಟಲುಗಳಿಗೆ ಬಡಿದು ತಿರುಗುವ ಚಕ್ರಗಳು. ಹಳ್ಳದ ನೀರು ಪೈಪಿಗೆ ಇಳಿಯುವ ಮೇಲಿನ ತೊಟ್ಟಿಗೆ 5-6 ಎಂಎಂ ಕಣ್ಣಿನ ಸ್ಟೀಲ್ ಜಾಲರಿ ಓರೆಯಾಗಿ ಕೂರಿಸಿ, ಎಲೆ ತಾನೇ ಜಾರಲಿ. ನೆಟ್ಟಗೆ ನಿಲ್ಲಿಸಿದರೆ ಸಿಲ್ವರ್ ಓಕ್ ಎಲೆ ಒಂದೇ ರಾತ್ರಿಗೆ ಕಟ್ಟಿ, ಬೆಳಿಗ್ಗೆ ಜಿಗಣೆ ಕಚ್ಚಿಸಿಕೊಂಡು ಹತ್ತಬೇಕು. ಪೈಪಿನ ಬಾಯಿ ನೀರಿನ ಮಟ್ಟದಿಂದ ಒಂದೂವರೆ ಅಡಿ ಕೆಳಗಿರಲಿ, ಇಲ್ಲದಿದ್ದರೆ ಗಾಳಿ ಎಳೆದು ವೋಲ್ಟೇಜ್ ಕುಣಿಯುತ್ತೆ. ತೊಟ್ಟಿಯ ತಳಕ್ಕೆ ಮರಳು ಬಿಡುವ ಗೇಟ್ ಇಡಿ. ಮರಳು ನಾಝಲ್‌ಗೆ ಬಂದರೆ ಅದನ್ನೂ ಚಕ್ರದ ಬಟ್ಟಲುಗಳನ್ನೂ ತೇಯುತ್ತೆ.

ಬಹಳ ಜನ ಬಿಡುವುದು ಲೋಡ್ ಕಂಟ್ರೋಲರ್. ಮನೆಯಲ್ಲಿ ಲೈಟ್ ಆರಿಸಿದರೂ ನೀರು ಅಷ್ಟೇ ಬರುತ್ತಿರುತ್ತೆ. ಚಕ್ರ ಹುಚ್ಚು ವೇಗಕ್ಕೆ ಏರಿ ವೋಲ್ಟೇಜ್ ಜಿಗಿಯುತ್ತೆ, ಬಲ್ಬು, ಟಿವಿ ಸುಡುತ್ತೆ. ಕಂಟ್ರೋಲರ್ ಮಿಕ್ಕ ಕರೆಂಟನ್ನು ಹೀಟರ್ ಕಾಯಿಲಿಗೆ ತಳ್ಳುತ್ತೆ. ಕಾಯಿಲನ್ನು ಬಚ್ಚಲ ಹಂಡೆಗೆ ಕೊಡಿ, ಆದರೆ ಹಂಡೆ ಬರಿದಾಗಲು ಬಿಡಬೇಡಿ, ಕಾಯಿಲ್ ಸುಟ್ಟು ಹೋದರೆ ಮತ್ತೆ ಅದೇ ಕಥೆ. ಕಾಯಿಲ್ ಜನರೇಟರಿಗಿಂತ ಕಾಲು ಭಾಗ ದೊಡ್ಡದಿರಲಿ. ಕೆಳಗಿನ ವಾಲ್ವನ್ನು ನಿಧಾನಕ್ಕೆ ಮುಚ್ಚಿ; ಪಟ್ಟನೆ ತಿರುಗಿಸಿದರೆ ನೀರಿನ ಏಟಿಗೆ ಜಾಯಿಂಟ್ ಬಿಚ್ಚುತ್ತೆ.

ಮನೆಗೆ ಚೇಂಜ್‌ಓವರ್ ಸ್ವಿಚ್ (ಒಂದು ಸಲಕ್ಕೆ ಲೈನ್ ಅಥವಾ ಹಳ್ಳದ ಕರೆಂಟು, ಒಂದನ್ನೇ ಕೊಡುವ ಸ್ವಿಚ್) ಕಡ್ಡಾಯ. ಮೆಸ್ಕಾಂ ಲೈನಿಗೂ ಇದಕ್ಕೂ ಸಂಪರ್ಕವೇ ಇರಬಾರದು.

ಪ್ರಶ್ನೆ (ಶಿಕ್ಷಕರು, ಸಕಲೇಶಪುರ): ಜಗತ್ತು ಹೈಡ್ರೋಜನ್, ಅಣುಶಕ್ತಿ ಅನ್ನುವಾಗ 600 ವ್ಯಾಟ್ ಯಾವ ಲೆಕ್ಕ?

ಉತ್ತರ: ಜಗತ್ತಿನ ಲೆಕ್ಕಕ್ಕೆ ಏನೂ ಅಲ್ಲ. ಜಗತ್ತು ಬಳಸುವ ಒಟ್ಟು ಶಕ್ತಿಯಲ್ಲಿ ಇವತ್ತಿಗೂ ನೂರಕ್ಕೆ ಎಂಬತ್ತರಷ್ಟು ಕಲ್ಲಿದ್ದಲು, ಎಣ್ಣೆ, ಗ್ಯಾಸ್. ಕರೆಂಟನ್ನಷ್ಟೇ ತೆಗೆದುಕೊಂಡರೆ 2023ರಲ್ಲಿ ಶೇ. 30ರಷ್ಟು ನವೀಕರಿಸಬಹುದಾದ ಮೂಲದ್ದು, ಅದರಲ್ಲಿ ಅತಿ ದೊಡ್ಡ ಪಾಲು ನೀರಿನದ್ದೇ. ಈಗ ತಲೆನೋವು ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೂ ಸಂಜೆ ಏಳಕ್ಕೆ ಕತ್ತಲೆಯೇ. ಹಗಲ ಕರೆಂಟಲ್ಲಿ ನೀರು ಮೇಲೆತ್ತಿ ಸಂಜೆ ಬಿಡುವ 2,000 ಮೆಗಾವ್ಯಾಟ್ ಯೋಜನೆಯನ್ನು ಶರಾವತಿಗೆ ಹಾಕಿಕೊಂಡಿರುವುದು ಅದಕ್ಕೇ. ಕಾಡು ಹೋಗುತ್ತೆ ಅಂತ ವಿರೋಧವೂ ಅಷ್ಟೇ ಇದೆ. ನಮ್ಮ ಮಲೆನಾಡಿನಲ್ಲಿ ಬಿಸಿಲು ಕೈಕೊಟ್ಟ ತಿಂಗಳೇ ಹಳ್ಳ ತುಂಬುತ್ತೆ, ಈ ಜೋಡಿ ಎಲ್ಲಾ ಕಡೆ ಸಿಗಲ್ಲ.

ಮೂಡಿಗೆರೆಯವರಿಗೆ ಇನ್ನೊಂದು: ಹಳ್ಳವನ್ನು ಪೂರ್ತಿ ಪೈಪಿಗೆ ತಿರುಗಿಸಬೇಡಿ, ಬಳಸಿದ ನೀರು ಕೆಳಗಿನ ಗದ್ದೆಯವರ ಒಡ್ಡಿಗಿಂತ ಮೇಲೆಯೇ ಹಳ್ಳ ಸೇರಲಿ. ತೊಟ್ಟಿಯ ಜಾಗ ಅರಣ್ಯದ ಗಡಿಯೊಳಗೆ ಬೀಳುವುದಾದರೆ ಇಲಾಖೆ ಒಪ್ಪಿಗೆ ಸಿಗುವ ತನಕ ಪೈಪ್ ಖರೀದಿಸಬೇಡಿ.