ಬರ್ನಿಂಗ್ ಸ್ಪಿಯರ್ ಆಲ್ಬಮ್‌ಗಳು: ಯಾವುದರಿಂದ ಶುರು ಮಾಡ್ಬೇಕ್ರಿ?

ಗುಮ್ಮಟದ ಮಗ್ಗಲಾ, ವಿಜಯಪುರ

ರೆಗ್ಗೇದಾಗ ಬಾಬ್ ಮಾರ್ಲಿ ಬಿಟ್ಟು ನನಗ ಬ್ಯಾರೆ ಏನೂ ಗೊತ್ತಿಲ್ರಿ. ಈಗ ಜಮೈಕಾದ ಗಾಯಕ ಬರ್ನಿಂಗ್ ಸ್ಪಿಯರ್ ಅವರ ‘ಸ್ಲೇವರಿ ಡೇಸ್’ ಹಾಡು ಭಾಳ ಹಿಡಿಸೈತಿ. ಇನ್ನಷ್ಟು ಕೇಳೂಣು ಅಂತ ಆ್ಯಪ್ ತಗದ್ರ 1973ರಿಂದ 2023ರ ತನಕ ಆಲ್ಬಮ್ ಸಾಲು ಹಚ್ಚಿ ನಿಂತಾವ. ನಡುವ ಲೈವ್, ಡಬ್, ಆಯ್ದ ಹಾಡಿನ ಸಂಗ್ರಹ ಎಲ್ಲಾ ಕಲಸಿ ಹೋಗ್ಯಾವ.

ಯಾವ ಕ್ರಮದಾಗ ಕೇಳ್ಬೇಕು? ಡಬ್ ಅಂದ್ರ ಹಾಡು ತಗದ ಟ್ರ್ಯಾಕ್ ಅಲ್ಲೇನ್ರಿ, ಬಿಟ್ರ ನಡೀತೈತೇನು? ಇನ್ನೊಂದು, ಎರಡು ಆಲ್ಬಮ್ ಒಂದರ ಹಿಂದ ಒಂದು ಹಚ್ಚಿದ್ರ ಎಲ್ಲಾ ಹಾಡು ಒಂದ ನಮೂನಿ ಕೇಳಿಸ್ತಾವ. ಇದು ಕಿವಿ ತಪ್ಪೋ, ಸಾಮಾನಿನ ತಪ್ಪೋ? ಇರೋದು ಫೋನು, ಅಂಗೈಯಷ್ಟು ಬ್ಲೂಟೂತ್ ಸ್ಪೀಕರ್, ಒಂದು ವಾಯರ್ ಇಯರ್‌ಫೋನ್.

ಟಿಳಕವಾಡಿ ಬೇಸ್, ಬೆಳಗಾವಿ

ಇಸವಿ ಹಿಡಿದು ಮೊದಲಿಂದ ಕೇಳಾಕ ಹೋಗಬ್ಯಾಡ್ರಿ. 1973 ಮತ್ತ 1974ರ ಎರಡು ಆಲ್ಬಮ್ ಜಮೈಕಾದ ಸ್ಟುಡಿಯೋ ಒನ್‌ದಾಗ ಅದರ ಮಾಲಕ ಕಾಕ್ಸನ್ ಡಾಡ್ ಮಾಡಿಸಿದ್ದು. ಚಲೋ ಅದಾವ, ಆದ್ರ ಸದ್ದು ಒಣಗಿದ್ದು, ವಾದ್ಯ ಕಡಿಮಿ. ಹೊಸಬರು ಅಲ್ಲೇ ಎರಡು ಹಾಡಿಗೆ ಬ್ಯಾಸತ್ತು ಎದ್ದು ಹೋಗ್ತಾರ. ಅವನ್ನ ಕಡೀಗೆ ಇಡ್ರಿ.

ಬಾಗಿಲ ಅಂದ್ರ 1975ರ ‘ಮಾರ್ಕಸ್ ಗಾರ್ವಿ’. ನಿಮಗ ಹಿಡಿಸಿದ ಹಾಡು ಅದರಾಗಿಂದ, ಎರಡನೇದು. ಒಟ್ಟು 10 ಹಾಡು, ಅರ್ಧ ತಾಸಿನ ಮ್ಯಾಲ ಸ್ವಲ್ಪ. ಮಾಡಿಸಿದವ್ರು ಜ್ಯಾಕ್ ರೂಬಿ. ಬಾರಿಸಿದವ್ರು ಬ್ಲ್ಯಾಕ್ ಡಿಸೈಪಲ್ಸ್: ಬೇಸ್‌ಗೆ ರಾಬಿ ಶೇಕ್ಸ್‌ಪಿಯರ್, ಮಾರ್ಲಿ ತಂಡದ ಆ್ಯಸ್ಟನ್ ‘ಫ್ಯಾಮಿಲಿ ಮ್ಯಾನ್’ ಬ್ಯಾರೆಟ್; ಡ್ರಮ್‌ಗೆ ಲಿರಾಯ್ ‘ಹಾರ್ಸ್‌ಮೌತ್’ ವಾಲೇಸ್; ಗಿಟಾರ್‌ಗೆ ಅರ್ಲ್ ‘ಚಿನ್ನಾ’ ಸ್ಮಿತ್. ಇದನ್ನ ಮೂರು ಸಲ ಕೇಳ್ರಿ. ಒಮ್ಮೆ ಬರೇ ದನಿ ಹಿಂದ ಹೋಗ್ರಿ. ಇನ್ನೊಮ್ಮೆ ಬೇಸ್ ಗಿಟಾರ್ ಒಂದನ್ನ ಹಿಡೀರಿ, ಹಾಡು ಮರೀರಿ. ಮೂರನೇ ಸಲ ತುತ್ತೂರಿ, ಸ್ಯಾಕ್ಸೋಫೋನ್ ಎಲ್ಲೆಲ್ಲಿ ಬಂದು ಎಲ್ಲೆಲ್ಲಿ ಸುಮ್ನಾಗ್ತಾವ ನೋಡ್ರಿ. ಒಂದ ನಮೂನಿ ಅನ್ನೋದು ಅರ್ಧ ಅಲ್ಲೇ ಹೋಗ್ತೈತಿ.

ಆಮ್ಯಾಲ ಡಬ್. ಇದನ್ನ ಬಿಡಬ್ಯಾಡ್ರಿ. 1976ರ ‘ಗಾರ್ವೀಸ್ ಘೋಸ್ಟ್’ ಇದ ಆಲ್ಬಮ್ಮಿನ ಡಬ್, ಹತ್ತೂ ಹಾಡು, ಅದ ಕ್ರಮದಾಗ. ಡಬ್ ಅಂದ್ರ ಹಾಡು ತಗದ ಟ್ರ್ಯಾಕ್ ಅಲ್ಲ. ಮಿಕ್ಸಿಂಗ್ ಮಾಡೋ ಎಂಜಿನಿಯರ್ ಮೇಜಿನ ಮುಂದ ಕುಂತು ದನಿ ಇಳಿಸ್ತಾನ, ಬೇಸ್ ಮತ್ತ ಡ್ರಮ್ ಅಷ್ಟ ಉಳಿಸ್ತಾನ, ನಡುವ ಒಂದು ಶಬ್ದ ಇಲ್ಲಾ ಗಿಟಾರಿನ ಒಂದ ಪೆಟ್ಟು ಪ್ರತಿಧ್ವನಿಗೆ ಬಿಡ್ತಾನ. ನಿಮ್ಮೂರಾಗ ಗೋಳಗುಮ್ಮಟದ ಮ್ಯಾಲ ಪಿಸುಗುಡುವ ಗ್ಯಾಲರಿದಾಗ ನಿಂತು ಒಂದು ಚಪ್ಪಾಳಿ ತಟ್ರಿ: ಅದು ಸುತ್ತು ಹೊಡದು ಮತ್ತ ಮತ್ತ ಬರ್ತೈತಿ, ಪ್ರತಿ ಸಲ ಒಂದು ತೂಕ ಕಡಿಮಿ, ಅಂಚು ಸವದು, ಕಡೀಗೆ ಚಪ್ಪಾಳಿ ಅನ್ನೋದ ಗುರ್ತ ಸಿಗಂಗಿಲ್ಲ. ಡಬ್‌ದಾಗ ಸ್ಪಿಯರ್ ಅವರ ಒಂದು ಕೂಗು ಹಿಂಗ ಸವಕೋತ ಹೋಗೋದನ್ನ ಕೇಳ್ರಿ. ಅಲ್ಲಿ ಮಂದಿ ಗದ್ದಲ ಇರ್ತೈತಿ, ಇಲ್ಲಿ ಪ್ರತಿಧ್ವನಿ ಖಾಲಿ ಜಾಗಾದಾಗ ಬೀಳ್ತೈತಿ, ಅದಕ್ಕ ಚೊಕ್ಕ ಕೇಳಿಸ್ತೈತಿ.

ಕೇಳೋ ರೀತಿ: ‘ಮಾರ್ಕಸ್ ಗಾರ್ವಿ’ದ 1ನೇ ಹಾಡು, ಕೂಡ್ಲೇ ‘ಘೋಸ್ಟ್’ದ 1ನೇದು. ಹಿಂಗ ಹತ್ತು ಜೋಡಿ. ದಿನಕ್ಕ ಎರಡು ಜೋಡಿ ಸಾಕು.

ಅದರ ಮುಂದ 1977ರ ‘ಲೈವ್’. ಲಂಡನ್ನಿನ ರೇನ್‌ಬೋ ಥಿಯೇಟರ್‌ದಾಗ ಮಾಡಿದ್ದು, ಸಾಥ್ ಕೊಟ್ಟವ್ರು ಇಂಗ್ಲಂಡಿನ ಆಸ್ವಾದ್ ತಂಡದವ್ರು. ಸ್ಟುಡಿಯೋದಾಗ ಮೂರು ನಿಮಿಷಕ್ಕ ಮುಗದ ಹಾಡು ಇಲ್ಲಿ ಕಾಲು ಚಾಚ್ತಾವ. ಆಮ್ಯಾಲ 1976ರ ‘ಮ್ಯಾನ್ ಇನ್ ದ ಹಿಲ್ಸ್’, ಹಳ್ಳಿ ಬಾಳೇದ ಮ್ಯಾಲ, ಜರ ಮೆತ್ತಗ. ನಂತರ ‘ಡ್ರೈ ಆ್ಯಂಡ್ ಹೆವಿ’, ಇದೂ 1977. ಇದರಾಗ ಸ್ಟುಡಿಯೋ ಒನ್ ಕಾಲದ ಕೆಲವು ಹಾಡು ಮತ್ತ ಹಾಡ್ಯಾರ, ಹಂಗಾಗಿ ಹಳೇ ಆಲ್ಬಮ್ಮಿಗೆ ಹೋಗೋ ಸೇತುವೆ ಇದು.

ನನ್ನ ಲೆಕ್ಕದಾಗ ಶಿಖರ ಅಂದ್ರ ಎರಡು: 1978ರ ‘ಸೋಶಿಯಲ್ ಲಿವಿಂಗ್’, 1980ರ ‘ಹೇಲ್ ಹಿಮ್’. ಮೊದಲನೇದಕ್ಕ ‘ಮಾರ್ಕಸ್ ಚಿಲ್ಡ್ರನ್’ ಅಂತ ಇನ್ನೊಂದು ಹೆಸರು ಐತಿ. ಎರಡು ಆಲ್ಬಮ್ ಅಂತ ತಿಳಕೊಂಡು ಎರಡೂ ಉಳಿಸಿಕೊಳ್ಳಬ್ಯಾಡ್ರಿ, ಒಂದ ಅದು. ಎರಡನೇದು ಮಾರ್ಲಿ ಅವರ ಟಫ್ ಗಾಂಗ್ ಸ್ಟುಡಿಯೋದಾಗ, ಫ್ಯಾಮಿಲಿ ಮ್ಯಾನ್ ಬ್ಯಾರೆಟ್ ಜೋಡಿ ಕೂಡಿ ಮಾಡಿದ್ದು. ಇವಕ್ಕೂ ಡಬ್ ಜೋಡಿ ಅದಾವ: ‘ಲಿವಿಂಗ್ ಡಬ್’ ಭಾಗ 1 ‘ಸೋಶಿಯಲ್ ಲಿವಿಂಗ್’ದ್ದು, ಭಾಗ 2 ‘ಹೇಲ್ ಹಿಮ್’ದ್ದು.

ಇಷ್ಟಾದ ಮ್ಯಾಲ ಹಿಂದಕ ಸ್ಟುಡಿಯೋ ಒನ್‌ಗೆ ಹೋಗ್ರಿ. ಒಣಗಿದ್ದು ಅನಿಸಿದ್ದ ಸದ್ದು ಅವಾಗ ಬ್ಯಾರೇನ ಕೇಳಿಸ್ತೈತಿ.

ನವನಗರ ಸೌಂಡ್, ಬಾಗಲಕೋಟೆ

ಒಂದ ನಮೂನಿ ಕೇಳೋದು ಮುಕ್ಕಾಲು ಪಾಲು ಸಾಮಾನಿನ ತಪ್ಪು. ಬೇಸ್ ಗಿಟಾರಿನ ದಪ್ಪ ತಂತಿ ಬಿಡಿಯಾಗಿ ಮೀಟಿದ್ರ ಸುಮಾರು 41 ಹರ್ಟ್ಜ್. ರೆಗ್ಗೇದಾಗ ರಾಗ ನಡಿಸೋದ ಬೇಸ್. ಫೋನಿನ ಸ್ಪೀಕರ್ 200 ಹರ್ಟ್ಜ್ ಕೆಳಗ ಹೆಚ್ಚುಕಡಿಮಿ ಏನೂ ಕೊಡಂಗಿಲ್ಲ. ಅಂಗೈಯಷ್ಟು ಬ್ಲೂಟೂತ್ ಡಬ್ಬಿನೂ ತೀರಾ ಕೆಳಗಿನ ಸ್ವರ ನುಂಗ್ತೈತಿ. ಉಳಿಯೋದು ಗಿಟಾರಿನ ‘ಚಕ್ ಚಕ್’. ಅದು ಪ್ರತಿ ಹಾಡಿನ್ಯಾಗೂ ಒಂದ. ಅಂದ್ಮ್ಯಾಲ ಹಾಡೆಲ್ಲಾ ಒಂದ ಆಗದ ಇನ್ನೇನು?

ಮೊದಲ ಇಯರ್‌ಫೋನ್ ಹಾಕ್ರಿ. ರಬ್ಬರ್ ತುದಿ ಕಿವಿಗೆ ಬಿಗಿಯಾಗಿ ಕೂತಿರ್ಬೇಕು. ಗಾಳಿ ಸೋರಿದ್ರ ಬೇಸ್ ಪೂರಾ ಹೋಗ್ತೈತಿ. ಡಬ್ಬಿಯೊಳಗ ಬಂದ ಬ್ಯಾರೆ ಅಳತಿ ತುದಿ ಹಚ್ಚಿ ನೋಡ್ರಿ, ಎಡಕ್ಕ ಒಂದು ಅಳತಿ ಬಲಕ್ಕ ಒಂದು ಅಳತಿ ಬೇಕಾಗೋದೂ ಉಂಟು. ಈಕ್ವಲೈಸರ್‌ದಾಗ 60 ಹರ್ಟ್ಜ್ ಪಟ್ಟಿ 3 ಡೆಸಿಬಲ್ ಏರಿಸ್ರಿ, ಅದರ ಜೋಡಿ ಪ್ರೀಆ್ಯಂಪ್ (ಒಟ್ಟು ಸದ್ದಿನ ಮಟ್ಟ) 3 ಡೆಸಿಬಲ್ ಇಳಿಸ್ರಿ. ಇಳಿಸದಿದ್ರ ದಪ್ಪ ಸ್ವರ ಬಂದಾಗೊಮ್ಮೆ ಸದ್ದು ಹರಿತೈತಿ. ‘ಬೇಸ್ ಬೂಸ್ಟ್’ ಗುಂಡಿ ಮುಟ್ಟಬ್ಯಾಡ್ರಿ, ಅದು ಎಲ್ಲಾ ಸ್ವರ ಒಂದ ಗುಂ ಮಾಡಿ ರಾಗ ಕೆಡಿಸ್ತೈತಿ. ಸ್ಪೀಕರ್‌ದಾಗ ಕೇಳೋದಿದ್ರ ಎರಡು ಗ್ವಾಡಿ ಕೂಡೋ ಮೂಲಿಯೊಳಗ, ಗಟ್ಟಿ ಕಟ್ಟಿ ಮ್ಯಾಲ ಇಡ್ರಿ. ಕೆಳಗಿನ ಸದ್ದು ಗ್ವಾಡಿಗೆ ಬಡದು ಹೆಚ್ಚಾಗ್ತೈತಿ. ಆ್ಯಪ್‌ದಾಗ ಶಫಲ್ ಬಂದ್, ಕ್ರಾಸ್‌ಫೇಡ್ (ಒಂದು ಹಾಡಿನ ಕಡೀಕ ಮುಂದಿನದನ್ನ ಬೆರೆಸೋದು) ಸೊನ್ನೆ. ಡಬ್ ಹಾಡಿನ ಕಡೀಕ ಪ್ರತಿಧ್ವನಿಯ ಬಾಲ ಇರ್ತೈತಿ, ಕ್ರಾಸ್‌ಫೇಡ್ ಇದ್ರ ಮುಂದಿನ ಹಾಡು ಅದನ್ನ ತುಳೀತೈತಿ.

ಇನ್ನ ತಾಳ. ರೆಗ್ಗೇದ ‘ಒನ್ ಡ್ರಾಪ್’ ಅನ್ನೋ ತಾಳ ಹಿಂಗ: 1, 2, 3, 4 ಎಣಸ್ರಿ. 2ಕ್ಕ, 4ಕ್ಕ ಗಿಟಾರ್ ಚಕ್ ಅಂತೈತಿ. 3ಕ್ಕ ದೊಡ್ಡ ಡ್ರಮ್ಮು, ಸ್ನೇರ್ ಅನ್ನೋ ಸಣ್ಣ ಡ್ರಮ್ಮಿನ ಅಂಚಿನ ಟಕ್ಕು ಕೂಡಿ ಬೀಳ್ತಾವ. 1ಕ್ಕ ಡ್ರಮ್ ಪೆಟ್ಟು ಇಲ್ಲ. ನಮ್ಮ ಭಜನಿಯೊಳಗ ಕೆಹರ್ವಾ ತಾಳ ಕೇಳಿದ ಕಿವಿ ಸಮ್‌ಗೆ, ಅಂದ್ರ 1ನೇ ಮಾತ್ರೆಗೆ, ಪೆಟ್ಟು ಹುಡುಕ್ತೈತಿ, ಸಿಗದ ತಾಳ ತಪ್ಪಿತು ಅನ್ಕೊಳ್ತೈತಿ. ಕೆಹರ್ವಾದ 8 ಮಾತ್ರೆದಾಗ ಖಾಲಿ 5ಕ್ಕ ಬರ್ತೈತಲ್ಲ, ಎರಡೆರಡು ಮಾತ್ರೆ ಕೂಡಿಸಿ ನಾಲ್ಕಾಗಿ ಎಣಿಸಿದ್ರ ಅದು 3ನೇ ಜಾಗಾ. ಅಂದ್ರ ನಾವು ಖಾಲಿ ಬಿಡೋ ಕಡೆ ಅವರು ದೊಡ್ಡ ಪೆಟ್ಟು ಹೊಡೀತಾರ, ನಾವು ಹೊಡಿಯೋ ಕಡೆ ಅವರು ಖಾಲಿ ಬಿಡ್ತಾರ. ತೊಡಿ ಮ್ಯಾಲ 3ಕ್ಕ ತಟ್ಟಿಕೋತ ನಾಲ್ಕೈದು ಹಾಡು ಕೇಳ್ರಿ, ಕೂತುಬಿಡ್ತೈತಿ. ನಾಲ್ಕಕ್ಕೂ ಡ್ರಮ್ಮು ಬಿದ್ರ ಅದು ‘ಸ್ಟೆಪ್ಪರ್ಸ್’, ಬ್ಯಾರೆ ನಡಿಗಿ.

ಘಟಪ್ರಭೆಯ ದಂಡೆ, ಗೋಕಾಕ

ಮೇಲಿನ ಕ್ರಮಕ್ಕೆ ನನ್ನ ಒಂದು ತಕರಾರಿದೆ. ಎರಡನೆಯದಾಗಿ ಡಬ್ ಬೇಡ, ‘ಲೈವ್’ ಇರಲಿ. ಪರಿಚಯವಿಲ್ಲದ ಹಾಡಿನಿಂದ ದನಿ ತೆಗೆದರೆ ಏನನ್ನು ತೆಗೆದರು ಎಂಬುದೇ ತಿಳಿಯುವುದಿಲ್ಲ. ಅದೇ ಹಾಡುಗಳನ್ನು ಲೈವ್‌ನಲ್ಲೂ ಒಮ್ಮೆ ಕೇಳಿ ಬಾಯಿಗೆ ಬಂದ ಮೇಲೆ ಡಬ್‌ಗೆ ಹೋದರೆ ಅದರ ಖಾಲಿ ಜಾಗ ಮಾತಾಡುತ್ತದೆ.

ಇನ್ನೊಂದು, ಮಾರ್ಕಸ್ ಗಾರ್ವಿ ಯಾರೆಂದು ತಿಳಿಯದೆ ಈ ಹಾಡುಗಳು ಅರ್ಧವೇ ದಕ್ಕುತ್ತವೆ. ಗಾರ್ವಿ ಹುಟ್ಟಿದ್ದು 1887ರಲ್ಲಿ, ಜಮೈಕಾದ ಸೇಂಟ್ ಆ್ಯನ್ಸ್ ಬೇ ಊರಿನಲ್ಲಿ. ಬರ್ನಿಂಗ್ ಸ್ಪಿಯರ್, ಅಂದರೆ ವಿನ್‌ಸ್ಟನ್ ರಾಡ್ನಿ ಅವರದೂ ಅದೇ ಊರು. ಹಾಗಾಗಿ ಇದು ದೂರದ ನಾಯಕನೊಬ್ಬನ ಸ್ತುತಿಯಲ್ಲ, ನಮ್ಮೂರಿನವನನ್ನು ಮರೆತಿರಲ್ಲ ಎಂಬ ಸಂಕಟ. ಗಾರ್ವಿ 1914ರಲ್ಲಿ ಕಪ್ಪು ಜನರ ಸಂಘಟನೆ ಕಟ್ಟಿದರು, 1919ರಲ್ಲಿ ಬ್ಲ್ಯಾಕ್ ಸ್ಟಾರ್ ಲೈನ್ ಎಂಬ ಹಡಗು ಕಂಪನಿ ಆರಂಭಿಸಿದರು, 1927ರಲ್ಲಿ ಅಮೆರಿಕ ಅವರನ್ನು ಗಡಿಪಾರು ಮಾಡಿತು, 1940ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಜಮೈಕಾದಲ್ಲಿ ಗುಲಾಮರಿಗೆ ಪೂರ್ಣ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ನಿಮಗೆ ಹಿಡಿಸಿದ ಹಾಡು ಆ ದಿನಗಳು ನೆನಪಿವೆಯೇ ಎಂದು ಮತ್ತೆ ಮತ್ತೆ ಕೇಳುತ್ತದೆ. ಒಂದೇ ಸಾಲು ಯಾಕೆ ಇಷ್ಟು ಸಲ ಎಂದು ಅನ್ನಿಸಬಹುದು. ಭಜನಾ ಮೇಳದಲ್ಲಿ ಪಲ್ಲವಿ ಪ್ರತಿ ಸಲ ಬಂದಾಗಲೂ ಒತ್ತು ಬೇರೆ ಶಬ್ದದ ಮೇಲೆ ಬೀಳುವುದಿಲ್ಲವೇ, ಹಾಗೆಯೇ ಕೇಳಿ. ‘ಹೇಲ್ ಹಿಮ್’ನಲ್ಲಿ ಕೊಲಂಬಸ್ ಮೇಲೆ ಒಂದು ಹಾಡಿದೆ: ಆತ ಜಮೈಕಾ ಕಂಡುಹಿಡಿದನೆಂಬುದು ಸುಳ್ಳು, ಅಲ್ಲಿ ಅರವಾಕ್ ಜನ ಮೊದಲೇ ಇದ್ದರು ಎಂಬುದು ಅದರ ವಾದ. ಶಾಲೆಯ ಇತಿಹಾಸ ಪುಸ್ತಕಕ್ಕೆ ನೇರವಾಗಿ ಕೊಟ್ಟ ಉತ್ತರ ಅದು.

ಮೊದಲಲ್ಲಿ ಬರ್ನಿಂಗ್ ಸ್ಪಿಯರ್ ಎಂಬುದು ಗುಂಪಿನ ಹೆಸರು. ಕೆನ್ಯಾದ ಜೋಮೋ ಕೆನ್ಯಾಟಾ ಅವರಿಗಿದ್ದ ಬಿರುದಿನಿಂದ ಬಂದದ್ದು. ರೂಪರ್ಟ್ ವಿಲಿಂಗ್‌ಟನ್, ಡೆಲ್ರಾಯ್ ಹೈಂಡ್ಸ್ ಹಿಮ್ಮೇಳಕ್ಕಿದ್ದರು. ಅವರು ಹೋದ ಮೇಲೆ ರಾಡ್ನಿ ಒಬ್ಬರೇ ಆ ಹೆಸರು ಉಳಿಸಿಕೊಂಡರು. 1975ರ ಆಲ್ಬಮ್‌ನಲ್ಲಿ ದನಿಯ ಹಿಂದೆ ಆಸರೆಯಿದೆ, ‘ಡ್ರೈ ಆ್ಯಂಡ್ ಹೆವಿ’ಯಿಂದ ಆ ದನಿ ಒಂಟಿಯಾಗಿ ನಿಲ್ಲುತ್ತದೆ.

ಗುಮ್ಮಟದ ಮಗ್ಗಲಾ, ವಿಜಯಪುರ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಇಯರ್‌ಫೋನ್ ತುದಿ ಬದಲಿ ಮಾಡಿದ ಕೂಡ್ಲೇ ಬೇಸ್ ಬಂತು, 3ರ ಪೆಟ್ಟೂ ಸಿಕ್ತು. ಇನ್ನೆರಡು ಕೇಳ್ತೀನಿ. ‘ಘೋಸ್ಟ್’ದಾಗ ಹಾಡಿನ ಹೆಸರೆಲ್ಲಾ ಬ್ಯಾರೆ ಅದಾವ, ಜೋಡಿ ಹೆಂಗ ಗುರ್ತಿಸ್ಲಿ? ಮತ್ತ 1980ರ ಈಚಿನವು ಕೇಳ್ಬೇಕೋ ಬ್ಯಾಡೋ?

ಟಿಳಕವಾಡಿ ಬೇಸ್, ಬೆಳಗಾವಿ

ಘಟಪ್ರಭೆಯವರ ಮಾತು ಖರೆ ಐತ್ರಿ, ‘ಲೈವ್’ ಎರಡನೇದಾಗಿ ಇಡ್ರಿ, ಡಬ್ ಮೂರನೇದು.

ಈಚಿನವು ಕೇಳ್ಬೇಕು, ಆದ್ರ ಆರಿಸಿ. 1985ರ ‘ರೆಸಿಸ್ಟನ್ಸ್’ ಬಿಗಿ ಐತಿ. 1986ರ ‘ಪೀಪಲ್ ಆಫ್ ದ ವರ್ಲ್ಡ್’ದಾಗ ತುತ್ತೂರಿ ಸ್ಯಾಕ್ಸೋಫೋನ್ ಊದಿದವ್ರು ಎಲ್ಲಾ ಹೆಣ್ಣುಮಕ್ಕಳು, ಅದಕ್ಕರ ಕೇಳ್ರಿ. ಆ ಕಾಲದ ಕೀಬೋರ್ಡ್ ಸದ್ದು ಮೊದಲಿಗೆ ಕಿವಿಗೆ ಚುಚ್ಚತೈತಿ, ಎರಡನೇ ಸಲ ಹೊಂದತೈತಿ. 1999ರ ‘ಕಾಲಿಂಗ್ ರಸ್ತಫಾರೈ’, 2008ರ ‘ಜಾ ಈಸ್ ರಿಯಲ್’ ಗ್ರ್ಯಾಮಿ ಪಡದವು. ಚಲೋ ಅದಾವ, ಆದ್ರ ಪ್ರಶಸ್ತಿ ನೋಡಿ ಅಲ್ಲಿಂದ ಶುರು ಮಾಡಿದ್ರ 1975ರ ಬೆಂಕಿ ತಿಳಿಯಂಗಿಲ್ಲ.

‘ಮಾರ್ಕಸ್ ಗಾರ್ವಿ’ ಬಗ್ಗೆ ಇನ್ನೊಂದು ತಿಳಕೋರಿ: ಐಲ್ಯಾಂಡ್ ಅನ್ನೋ ರೆಕಾರ್ಡ್ ಕಂಪನಿ ಹೊರದೇಶಕ್ಕ ಬಿಡೋವಾಗ ರಾಕ್ ಕೇಳೋ ಮಂದಿಗೆ ಹೊಂದೋ ಹಂಗ ಮಿಕ್ಸ್ ಬದಲಿಸ್ತು, ಸ್ಪಿಯರ್‌ಗೆ ಅದು ಮನಸ್ಸಿಗೆ ಬರಲಿಲ್ಲ. ಜಮೈಕಾದಾಗ ಬಂದ ಮೊದಲಿನ ಮಿಕ್ಸ್ ಎಲ್ಲರ ಸಿಕ್ರ ಒಂದ ಹಾಡು ಎರಡೂ ಕಡೆ ಕೇಳಿ ನೋಡ್ರಿ.

ಜೋಡಿಗೆ ಹೆಸರು ನೋಡಬ್ಯಾಡ್ರಿ, ನಂಬರ್ ನೋಡ್ರಿ. 2ನೇದು ‘ಐ ಆ್ಯಂಡ್ ಐ ಸರ್ವೈವ್’, ಅದ ನಿಮ್ಮ ‘ಸ್ಲೇವರಿ ಡೇಸ್’. 3ನೇದು ‘ಬ್ಲ್ಯಾಕ್ ವಾಡಾಡಾ’, ಅದು ‘ದ ಇನ್ವೇಷನ್’. 8ನೇದು ‘ಡ್ರೆಡ್ ರಿವರ್’, ಅದು ‘ಜೋರ್ಡನ್ ರಿವರ್’. ಎರಡೂ ಆಲ್ಬಮ್ ಕೂಡಿಸಿದ ಆವೃತ್ತಿ ಸಿಕ್ಕಿದ್ರ ಅದರಾಗ 20 ಹಾಡು ಇರ್ತಾವ, ಡಬ್ 11ರಿಂದ ಶುರು. ಆವಾಗ ನಿಮ್ಮ ಜೋಡಿ 2 ಮತ್ತ 12.