ಸೀಲ್‌ಕೋಟ್ ಒಂದು ಕಡೆ ಚಕ್ಕೆ ಏಳುತ್ತಿದೆ, ಇನ್ನೊಂದು ಕಡೆ ಒಣಗೇ ಇಲ್ಲ

ಕಪ್ಪುಹಾದಿ:
ಎಲ್ಲರಿಗೂ ನಮಸ್ಕಾರ. ಮನೆ ಮುಂದಿನ ಡಾಂಬರು ಡ್ರೈವ್‌ವೇಗೆ ಕೆಲವು ವಾರಗಳ ಹಿಂದೆ ನಾನೇ ಮೇಲ್ಮೈ ಕಾಪಾಡುವ ತೆಳು ಕಪ್ಪು ಪದರ, ಅಂದರೆ ಸೀಲ್‌ಕೋಟ್ ಹಾಕಿದೆ. ಬಕೆಟ್‌ನಲ್ಲಿ ಬರುವ ಸೀಲರ್, ನೀರಿನಲ್ಲಿ ಬೆರೆತ ಡಾಂಬರು ಎಮಲ್ಷನ್. ಗುಡಿಸಿ, ಪೈಪ್ ಹಿಡಿದು ತೊಳೆದು, ಒಣಗಿದ ಮೇಲೆ ಹಾಕಿದ್ದು. ಮುಕ್ಕಾಲು ಭಾಗ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಎರಡು ಕಡೆ.

ಕಾರು ನಿಲ್ಲುವ ಜಾಗದಲ್ಲಿ ಅಂಗೈಯಗಲದ ಚಕ್ಕೆಗಳು ಏಳುತ್ತಿವೆ. ಅಂಚಿಗೆ ಉಗುರು ಕೊಟ್ಟರೆ ಸಾಕು, ಇಡಿಯಾಗಿ ಎದ್ದು ಬರುತ್ತವೆ. ಇನ್ನು ಗೋಡೆ ಪಕ್ಕ, ಬಿಸಿಲು ಬೀಳದ ತಗ್ಗಿನಲ್ಲಿ ಇನ್ನೂ ಮೆತ್ತಗಿದೆ. ಕಾರು ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಟೈರಿನಡಿ ಸುರುಳಿ ಸುತ್ತಿಕೊಂಡು ಕಿತ್ತುಬರುತ್ತದೆ. ಇದರ ಮೇಲೇ ಇನ್ನೊಂದು ಕೋಟ್ ಹೊಡೆದುಬಿಡಲಾ?

ರವಿಕಿರಣ:
ಹೊಡೆಯಿರಿ ಅಣ್ಣಾ, ಹೇಗೂ ಬಕೆಟ್‌ನಲ್ಲಿ ಉಳಿದಿರುತ್ತದಲ್ವಾ.

ಜಲ್ಲಿಗುಡ್ಡೆ:
ದಯವಿಟ್ಟು ಬೇಡ. ಏಳುತ್ತಿರುವ ಪದರದ ಮೇಲೆ ಏನೇ ಹಾಕಿದರೂ ಅದರ ಜೊತೆಗೇ ಏಳುತ್ತದೆ. ಮೆತ್ತಗಿರುವ ಕಡೆ ಹಾಕಿದರಂತೂ ಒಳಗಿನ ನೀರಿಗೆ ಇದ್ದ ದಾರಿಯೂ ಮುಚ್ಚಿಹೋಗುತ್ತದೆ. ಎರಡರ ಕಾರಣವೂ ಬೇರೆ ಬೇರೆ ಅಂತ ನನಗನಿಸುತ್ತದೆ.

ಮೊದಲು ಒಂದು ಚಕ್ಕೆ ಎತ್ತಿ, ತಲೆಕೆಳಗು ಮಾಡಿ, ಬೆಳಕಿನಲ್ಲಿ ನೋಡಿ. ಅಡಿಯಲ್ಲಿ ಬೂದಿ ಬಣ್ಣದ ಪುಡಿ ಇದ್ದರೆ ಸೀಲರ್ ಧೂಳಿಗೆ ಅಂಟಿದೆಯೇ ಹೊರತು ಡಾಂಬರಿಗಲ್ಲ. ಅಡಿ ನುಣ್ಣಗೆ, ಜಿಡ್ಡಾಗಿ ಹೊಳೆಯುತ್ತಿದ್ದರೆ ಕೆಳಗೆ ಎಣ್ಣೆ ಇತ್ತು. ಅಡಿಯಲ್ಲಿ ಹಳೇ ಸೀಲರ್ ಪದರಗಳೂ ಸೇರಿ ಚಕ್ಕೆ ದಪ್ಪಗಿದ್ದರೆ, ವರ್ಷ ವರ್ಷ ಹೊಡೆದದ್ದು ಜಾಸ್ತಿಯಾಗಿದೆ. ಸಣ್ಣ ಕಲ್ಲು, ಮರಳು ಕಚ್ಚಿಕೊಂಡು ಬಂದಿದ್ದರೆ ಸೀಲರ್‌ನದ್ದೇನೂ ತಪ್ಪಿಲ್ಲ, ಡಾಂಬರೇ ಸತ್ವ ಕಳೆದುಕೊಂಡು ಬಿಡುತ್ತಿದೆ.

ಇನ್ನೂ ಎರಡು ಹೇಳಿ. ಬಕೆಟ್ ಕಲಕಿದ್ದು ಹೇಗೆ? ಹಾಕಿದ ಕೋಟ್ ಎಷ್ಟು?

ಕಪ್ಪುಹಾದಿ:
ನೋಡಿದೆ ಸರ್. ಅಡಿ ನುಣ್ಣಗಿದೆ. ಬೆರಳಿಗೆ ಕಂದು ಜಿಡ್ಡು ಹತ್ತಿತು. ಒಂದೆರಡು ಚಕ್ಕೆಯಲ್ಲಿ ಅಂಚಿಗೆ ಮಾತ್ರ ಧೂಳಿದೆ, ಕಲ್ಲು ಎಲ್ಲೂ ಇಲ್ಲ. ಹಳೇ ಕಾರಿನಿಂದ ಅಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು, ಸೋಪು ಹಾಕಿ ಉಜ್ಜಿದ್ದೆ. ಬಕೆಟ್ಟನ್ನು ಕೋಲಿನಲ್ಲಿ ಒಂದಿಷ್ಟು ಹೊತ್ತು ಕಲಕಿದೆ. ಒಂದೇ ಕೋಟ್, ಗೋಡೆ ಪಕ್ಕ ಕೊನೆಗೆ ಉಳಿದದ್ದನ್ನೆಲ್ಲ ಸುರಿದು ಸ್ಕ್ವೀಜಿಯಲ್ಲಿ (ರಬ್ಬರ್ ಪಟ್ಟಿ ಇರುವ ಕೋಲು) ಎಳೆದೆ.

ಜಲ್ಲಿಗುಡ್ಡೆ:
ಹಾಗಾದರೆ ವಿಷಯ ಸ್ಪಷ್ಟ.

ಕಾರಿನ ಜಾಗ: ಎಂಜಿನ್ ಆಯಿಲ್ ಡಾಂಬರಿನ ಮೇಲೆ ಸುಮ್ನೆ ಕೂತಿರುವುದಿಲ್ಲ, ಒಳಗಿಳಿದು ಡಾಂಬರನ್ನೇ ಕರಗಿಸುತ್ತದೆ. ಎರಡೂ ಪೆಟ್ರೋಲಿಯಂ ತಾನೆ. ಸೋಪು ಮೇಲಿನದನ್ನು ತೆಗೆಯುತ್ತದೆ, ಇಳಿದದ್ದು ಮತ್ತೆ ಮೇಲೇರುತ್ತದೆ. ನೀರಿನ ಎಮಲ್ಷನ್ ಅದರ ಮೇಲೆ ಹಿಡಿಯುವುದಿಲ್ಲ.

ಈಗ ಮಾಡಬೇಕಾದ್ದು: ಸಡಿಲ ಇರುವುದನ್ನೆಲ್ಲ ಅಗಲ ಅಲಗಿನ ಕೆರೆಯುವ ಪಟ್ಟಿಯಿಂದ ಕೆರೆದು ತೆಗೆಯಿರಿ. ಗಟ್ಟಿ ಹಿಡಿದಿರುವ ಅಂಚು ಸಿಗುವವರೆಗೂ ಕೆರೆಯಬೇಕು. ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಡಾಂಬರನ್ನು ಒತ್ತಿ ನೋಡಿ. ಗಟ್ಟಿಯಿದ್ದರೆ ಡೀಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಹಾಕಿ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ, ಸೀಲರ್‌ಗೂ ಮೊದಲು ಎಣ್ಣೆ ಕಲೆಗೆಂದೇ ಬರುವ ಪ್ರೈಮರ್ (ಅಡಿ ಲೇಪ) ಹಚ್ಚಿ. ತುದಿ ಒಳಗೆ ಇಳಿದು ಕಲ್ಲು ಅಲುಗಾಡಿದರೆ ಪ್ರೈಮರ್ ವ್ಯರ್ಥ. ಅಷ್ಟು ಭಾಗ ಕಡಿದು ತೆಗೆದು ಪ್ಯಾಚ್ ಹಾಕಬೇಕು.

ಗೋಡೆ ಪಕ್ಕದ ಕಥೆ ಬೇರೆ. ಎಮಲ್ಷನ್ ಅಂದರೆ ನೀರಿನಲ್ಲಿ ತೇಲುವ ಡಾಂಬರಿನ ಸಣ್ಣ ಹನಿಗಳು. ನೀರು ಆರಿದ ಮೇಲೇ ಹನಿಗಳು ಕೂಡಿ ಪದರವಾಗುವುದು. ದಪ್ಪಗೆ ಹಾಕಿದರೆ ಮೇಲ್ಭಾಗ ಮೊದಲು ಒಣಗಿ ಪೊರೆ ಕಟ್ಟುತ್ತದೆ, ಕೆಳಗಿನ ನೀರು ಸಿಕ್ಕಿಬೀಳುತ್ತದೆ. ನೆರಳು, ತಗ್ಗು ಎರಡೂ ಇದ್ದರೆ ಕೇಳುವುದೇ ಬೇಡ. ಜೊತೆಗೆ ಸರಿಯಾಗಿ ಕಲಕದ ಬಕೆಟ್‌ನಲ್ಲಿ ಗಟ್ಟಿ ಪದಾರ್ಥ ತಳಕ್ಕೆ ಕೂತಿರುತ್ತದೆ. ಮೊದಲು ಹಾಕಿದ್ದು ತೆಳ್ಳಗೆ, ಕೊನೆಯದು ಗೊಜ್ಜಿನ ಹಾಗೆ. ನಿಮ್ಮ ಕೊನೆಯದೆಲ್ಲ ಗೋಡೆ ಪಕ್ಕ ಹೋಗಿದೆ. ಡ್ರಿಲ್‌ಗೆ ಸಿಕ್ಕಿಸುವ ಕಲಕುವ ರಾಡ್ ಬಳಸಿ, ತಳ ಕೆರೆದು ಕಲಕಿ.

ಅಲ್ಲಿ ಈಗ ಕಾರು ನಿಲ್ಲಿಸಬೇಡಿ. ಸುರುಳಿ ಎದ್ದಿರುವಷ್ಟನ್ನು ಕೆರೆದು ತೆಗೆಯಿರಿ. ಉಳಿದದ್ದಕ್ಕೆ ಒಣಹವೆ ಸಿಗಲಿ. ಬೆರಳು ಒತ್ತಿ ತಿರುವಿದರೆ ಜರುಗದಿದ್ದರೆ ಮಾತ್ರ ಮುಂದಿನ ಮಾತು.

ಕಪ್ಪುಹಾದಿ:
ಸ್ಕ್ರೂಡ್ರೈವರ್ ಇಳಿಯಲಿಲ್ಲ, ಸಮಾಧಾನ. ಮತ್ತೆ ಹಾಕುವಾಗ ಎಷ್ಟು ದಪ್ಪ ಸರ್? ಹವಾಮಾನ ಹೇಗಿರಬೇಕು? ಕಲ್ಲಿದ್ದಲು ಟಾರ್‌ನ ಸೀಲರ್ ಎಣ್ಣೆಗೆ ಜಗ್ಗುವುದಿಲ್ಲ ಅಂತಾರೆ, ಅದನ್ನೇ ಹಾಕಿಬಿಡಲಾ?

ಜಲ್ಲಿಗುಡ್ಡೆ:
ತೆಳ್ಳಗೆ ಎರಡು ಕೋಟ್. ಒಂದು ಲೀಟರ್ ಸುಮಾರು 2ರಿಂದ 2.5 ಚದರ ಮೀಟರ್‌ಗೆ ಬರಬೇಕು. ಆದರೂ ಡಬ್ಬಿ ಮೇಲೆ ಬರೆದದ್ದೇ ಕೊನೆಯ ಮಾತು. ಮೊದಲನೆಯದು ಪೂರ್ತಿ ಒಣಗಿದ ಮೇಲೇ ಎರಡನೆಯದು. ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಲಿ, ರಾತ್ರಿಯೂ ಅದಕ್ಕಿಂತ ಇಳಿಯದಿರಲಿ. ಕನಿಷ್ಠ 24 ಗಂಟೆ ಮಳೆ ಇರಬಾರದು. ಕಾರಿಗೆ 24ರಿಂದ 48 ಗಂಟೆ ಬಿಡುವು ಕೊಡಿ, ನಿಮ್ಮ ನೆರಳಿನ ಕಡೆಗೆ ಇನ್ನೂ ಜಾಸ್ತಿ.

ಕಲ್ಲಿದ್ದಲು ಟಾರ್ ಎಣ್ಣೆ, ಪೆಟ್ರೋಲಿಗೆ ಚೆನ್ನಾಗಿ ತಡೆಯುತ್ತದೆ, ಅದು ನಿಜ. ಆದರೆ ಅದರಲ್ಲಿ ಪಿಎಎಚ್ ಅನ್ನುವ ಗುಂಪಿನ ರಾಸಾಯನಿಕಗಳು ಬಹಳ. ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಸವೆದ ಧೂಳು ಮನೆಯೊಳಗೂ ಬರುತ್ತದೆ, ಮಳೆನೀರಿನಲ್ಲಿ ಕೆರೆಗೂ ಹೋಗುತ್ತದೆ. ಅಮೆರಿಕದ ಆಸ್ಟಿನ್ ನಗರದಲ್ಲಿ 2006ರಿಂದ ನಿಷೇಧ ಇದೆ, ವಾಷಿಂಗ್ಟನ್ ರಾಜ್ಯ 2011ರಲ್ಲಿ ಕಾನೂನನ್ನೇ ತಂದಿತು. ನನ್ನನ್ನು ಕೇಳಿದರೆ, ಎಣ್ಣೆ ಸೋರುವ ಕಾರನ್ನು ರಿಪೇರಿ ಮಾಡಿಸುವುದು ಮೇಲು.

ರವಿಕಿರಣ:
ಸರಿ, ನನ್ನ ಸಲಹೆ ವಾಪಸ್. ನನ್ನದೂ ಒಂದು ಪ್ರಶ್ನೆ. ನಮ್ಮಲ್ಲಿ ಒಂದು ಮೂಲೆಯಲ್ಲಿ ಬಲೆಯ ಹಾಗೆ ಬಿರುಕು ಬಿಟ್ಟಿದೆ. ಸೀಲರ್ ಹೊಡೆದರೆ ಮುಚ್ಚುತ್ತದಾ?

ತೇಜಸ್ವಿನಿ_ಬಿ:
ಬಣ್ಣ ಮುಚ್ಚುತ್ತದೆ, ಬಿರುಕಲ್ಲ. ಬಲೆಬಿರುಕು ಬಂತೆಂದರೆ ಅಡಿಪಾಯದ ಜಲ್ಲಿ ಕುಸಿದಿದೆ, ಹೆಚ್ಚಾಗಿ ನೀರು ಸೇರಿ. ಅಷ್ಟು ಭಾಗ ಅಗೆದು, ತಳ ಬಿಗಿ ಮಾಡಿ, ಹೊಸ ಡಾಂಬರು ಹಾಕದೆ ಬೇರೆ ದಾರಿ ಇಲ್ಲ. ಒಂಟಿ ಬಿರುಕಾದರೆ ಬೇರೆ ಮಾತು. 6 ಮಿಲಿಮೀಟರ್‌ಗಿಂತ ಅಗಲ ಇದ್ದರೆ ಹುಲ್ಲು, ಮಣ್ಣು ತೆಗೆದು ಒಣಗಿಸಿ ಬಿರುಕು ತುಂಬುವ ಫಿಲ್ಲರ್ ಹಾಕಿ, ಆಮೇಲೆ ಸೀಲರ್. ಅಂದಹಾಗೆ, ಸೀಲ್‌ಕೋಟ್ ಬಲ ಕೊಡುವುದಿಲ್ಲ. ಬಿಸಿಲು, ಗಾಳಿ ತಾಗಿ ಡಾಂಬರು ಪೆಡಸಾಗುವುದನ್ನು ತಡ ಮಾಡುತ್ತದೆ, ನೀರನ್ನು ಹೊರಗಿಡುತ್ತದೆ, ಅಷ್ಟೇ.

ಕಪ್ಪುಹಾದಿ:
ಕೊನೆಯದೊಂದು. ಕೆರೆದ ಕಡೆ ಮಾತ್ರ ಹಾಕಿದರೆ ತೇಪೆ ಕಾಣುತ್ತದಲ್ವಾ? ಇಡೀ ಡ್ರೈವ್‌ವೇಗೆ ಹಾಕಲಾ?

ಜಲ್ಲಿಗುಡ್ಡೆ:
ಕಾಣುತ್ತದೆ, ಹೊಸದು ಕಡು ಕಪ್ಪಿರುತ್ತದೆ. ಬಿಸಿಲಿಗೆ ನಿಧಾನವಾಗಿ ಸಮವಾಗುತ್ತದೆ. ಬಣ್ಣಕ್ಕೋಸ್ಕರ ಇಡೀ ಜಾಗಕ್ಕೆ ಹಾಕಬೇಡಿ, ಚೆನ್ನಾಗಿರುವ ಕಡೆ ಪದರ ದಪ್ಪವಾಗಿ ಮುಂದೆ ಅದೂ ಚಕ್ಕೆ ಏಳುತ್ತದೆ. ಮುಂದಿನ ಸಲ ಸಾಮಾನ್ಯವಾಗಿ 2ರಿಂದ 4 ವರ್ಷಕ್ಕೆ. ಆಗಲೂ ಮೊದಲು ಒಂದು ಲೋಟ ನೀರು ಸುರಿದು ನೋಡಿ. ಹನಿಯಾಗಿ ನಿಂತರೆ ಇನ್ನೂ ಕಾಯಿರಿ, ನೆಲ ಹೀರಿಕೊಂಡು ಕಪ್ಪಾದರೆ ಬಕೆಟ್ ತನ್ನಿ.